ಡಿಕ್ರಿಯ ಬೆಲೆ

ದಾವೆಯಲ್ಲಿ ಗೆದ್ದೂ ಗೆಲುವಿನ ಫಲವನ್ನು ಕಾಣದವರ ಲೆಕ್ಕವನ್ನು ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರ್ ತಿಂಗಳಲ್ಲಿ ದೇಶದ ಮುಂದಿಟ್ಟಿತು. ಇತ್ಯರ್ಥವಾಗದೆ ಉಳಿದಿದ್ದ ಅಮಲ್ಜಾರಿ ಅರ್ಜಿಗಳು 8,82,578. ಇವು ಹೊಸ ವ್ಯಾಜ್ಯಗಳಲ್ಲ. ಡಿಕ್ರಿ ಪಡೆದವನು ಅದನ್ನು ಜಾರಿಗೆ ತನ್ನಿರೆಂದು ಅದೇ ಬಾಗಿಲಲ್ಲಿ ಮರಳಿ ನಿಂತ ಪ್ರಕರಣಗಳು. ಹಿಂದಿನ ಆರು ತಿಂಗಳಲ್ಲಿ ಎಷ್ಟು ಅರ್ಜಿಗಳು ತೀರಿದವೆಂಬ ಅಂಕಿಗಳನ್ನು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವು ಒದಗಿಸಿರಲಿಲ್ಲವಾದುದರಿಂದ ಅದರಿಂದ ವಿವರಣೆಯನ್ನು ಕೇಳಬೇಕಾಯಿತೆಂಬುದು ನಮಗೆ ಖೇದದ ವಿಷಯ.

ವ್ಯಾಧಿಯು ಹೊಸದಲ್ಲ. ಹಿಂದೂಸ್ಥಾನದ ಕಕ್ಷಿಗಾರನ ಕಷ್ಟಗಳು ಡಿಕ್ರಿ ದೊರೆತ ಮೇಲೆ ಆರಂಭವಾಗುತ್ತವೆಂದು ಪ್ರೀವಿ ಕೌನ್ಸಿಲು 1872ರಲ್ಲಿಯೇ ಹೇಳಿತ್ತು. ಪರರ ಆಳ್ವಿಕೆಯು ತೊಲಗಿತು, ಸಂವಿಧಾನವು ಬಂದಿತು; ಆ ಮಾತು ಮಾತ್ರ ಸುಳ್ಳಾಗಲಿಲ್ಲ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಮ್ಮ ಜನರು ಸುಮ್ಮನೆ ಕಟ್ಟಲಿಲ್ಲ.

ಆದಕಾರಣ, ನ್ಯಾಯವು ತನ್ನ ಕಡೆಗಿದೆಯೆಂಬ ಒಂದೇ ಬಲದಿಂದ ವಕೀಲರ ಮನೆಗೆ ನಡೆಯುವುದು ವಿವೇಕವಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಕಾಲಮಿತಿಯು ಉಳಿದಿದೆಯೇ? 1963ರ ಕಾಯಿದೆಯಂತೆ ಸಾಲದ ಹಣಕ್ಕೆ ಸಾಮಾನ್ಯವಾಗಿ 3 ವರ್ಷ, ಸ್ಥಿರಾಸ್ತಿಯ ಸ್ವಾಧೀನಕ್ಕೆ 12 ವರ್ಷ. ಹೇಳುವುದನ್ನು ಸಿದ್ಧಪಡಿಸಲು ಕಾಗದಪತ್ರಗಳಿವೆಯೇ? ಕಡೆಯದಾಗಿ, ಡಿಕ್ರಿಯಾದರೆ ವಸೂಲು ಮಾಡಲು ಎದುರಾಳಿಯಲ್ಲಿ ಏನಾದರೂ ಇದೆಯೇ? ಮೂರನೆಯದನ್ನು ಕೇಳುವವರು ವಿರಳ. ಮೇಲಿನ ಎಂಟು ಲಕ್ಷ ಅರ್ಜಿಗಳು ಅಡಗಿರುವುದು ಅಲ್ಲಿಯೇ. ಖರ್ಚನ್ನೆಲ್ಲ ಸೋತವನೇ ತುಂಬಿಕೊಡುವನೆಂಬ ಆಶೆಯೂ ಬೇಡ. ಸುಳ್ಳು ವಾದ ಹೂಡಿ ಪೀಡಿಸಿದವನಿಂದ ಸಾಮಾನ್ಯ ಸಿವಿಲ್ ದಾವೆಗಳಲ್ಲಿ ಸಂಹಿತೆಯ 35ಎ ಕಲಮಿನ ಮೇರೆಗೆ ಕೊಡಿಸಬಹುದಾದ ಪರಿಹಾರವು 3,000 ರೂಪಾಯಿಗಳನ್ನು ಮೀರದು.

ಈ ಲೆಕ್ಕವನ್ನು ಚೆನ್ನಾಗಿ ಅರಿತ ವಕೀಲರೊಬ್ಬರಿದ್ದರು. 1893ರಲ್ಲಿ ಗಾಂಧೀಜಿಯವರು ದಕ್ಷಿಣ ಆಫ್ರಿಕಕ್ಕೆ ತೆರಳಿದುದು ದಾದಾ ಅಬ್ದುಲ್ಲಾ ಅವರ ದಾವೆಯ ಸಲುವಾಗಿ. ಎದುರಾಳಿ ತಯ್ಯಬ್ ಸೇಠರು ಅವರ ಬಂಧುವೇ. ದಾವೆಯ ಮೊತ್ತ 40,000 ಪೌಂಡು. ಕಕ್ಷಿಯ ಪಕ್ಷವು ಬಲವಾಗಿದ್ದರೂ ಖರ್ಚು ಇಬ್ಬರನ್ನೂ ನುಂಗುವುದೆಂದು ಕಂಡು, ಗಾಂಧೀಜಿಯವರು ವ್ಯಾಜ್ಯವನ್ನು ಪಂಚಾಯ್ತಿಗೆ ಒಪ್ಪಿಸಿದರು. ಅಬ್ದುಲ್ಲಾ ಗೆದ್ದರು. ಒಂದೇ ಸಲಕ್ಕೆ ಹಣ ಕೇಳಿದ್ದರೆ ಸೋತವರು ದಿವಾಳಿಯಾಗುತ್ತಿದ್ದರು. ಕಂತುಗಳಿಗೆ ಕಕ್ಷಿಯನ್ನು ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತಂತೆ. ಇಂದು ಲೋಕ ಅದಾಲತ್ತು ಆ ದಾರಿಯನ್ನು ತೆರೆದಿಟ್ಟಿದೆ. ಅಲ್ಲಿ ರಾಜಿಯಾದರೆ ಕೋರ್ಟು ಫೀಜು ಮರಳುವುದು, ಮೇಲ್ಮನವಿಯ ಕಾಟವೂ ಇಲ್ಲ.

ಹಾಗೆಂದು ರಾಜಿಯೇ ಸರ್ವೌಷಧವೆಂದು ನಾವು ಹೇಳುವವರಲ್ಲ. ಅಸಮರ ನಡುವಣ ರಾಜಿಯು ಶರಣಾಗತಿಯ ಇನ್ನೊಂದು ಹೆಸರು. ಹೆಣ್ಣುಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕವು 1994ರಲ್ಲಿಯೂ, ಇಡೀ ದೇಶಕ್ಕೆ ಪಾರ್ಲಿಮೆಂಟು 2005ರಲ್ಲಿಯೂ ಕೊಟ್ಟವು. ಮನೆತನದ ಮಾನದ ಹೆಸರಿನಲ್ಲಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡೆಂದು ಅಣ್ಣತಮ್ಮಂದಿರು ಒತ್ತಾಯಿಸಿದಾಗ ಆಕೆ ಮೌನವಾಗಿರಬೇಕೇ? ಕೂಡದು. ಅಂಥವಳಿಗೆ ದಾವೆಯು ಕಲಹವಲ್ಲ, ರಕ್ಷೆ. 1987ರ ಕಾಯಿದೆಯಂತೆ ಸ್ತ್ರೀಯರಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಲ್ಲುವುದು. ಇದನ್ನು ತಿಳಿಸುವುದು ವಿದ್ಯಾವಂತರ ಕರ್ತವ್ಯ.

ಅಧಿಕಾರಿಗಳಿಗೂ ಒಂದು ಮಾತು. ಸರ್ಕಾರದ ಮೇಲೆ ದಾವೆ ಹೂಡುವವನು ಸಾಮಾನ್ಯವಾಗಿ ಎರಡು ತಿಂಗಳ ನೋಟೀಸು ಕೊಡತಕ್ಕದ್ದು. ತಪ್ಪನ್ನು ಕಚೇರಿಯಲ್ಲಿಯೇ ತಿದ್ದಲೆಂದು ಈ ಅವಧಿ. ಆದರೆ ಇಂಥ ನೋಟೀಸುಗಳಿಗೆ ಬಹುತೇಕ ಉತ್ತರವೇ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಆಕ್ಷೇಪಿಸಿ, ಉತ್ತರಕ್ಕೆ ಹೊಣೆಗಾರನಾದ ಅಧಿಕಾರಿಯನ್ನು ನೇಮಿಸಬೇಕೆಂದು ವಿಧಿಸಿತು. ಬೇಕಾದರೆ ಕೋರ್ಟಿಗೆ ಹೋಗು ಎಂದು ಪ್ರಜೆಯನ್ನು ಅಟ್ಟುವ ಗುಮಾಸ್ತನ ಖರ್ಚಿಗೆ ಖಜಾನೆಯಿದೆ. ಪ್ರಜೆಗೆ ಇರುವುದು ಹೆಂಡತಿಯ ಒಡವೆ ಮಾತ್ರ.

ದಾವೆ ಹೂಡುವುದು ಲಾಭವೋ ನಷ್ಟವೋ ಎಂದು ಪ್ರಜೆಯು ಲೆಕ್ಕ ಹಾಕಲಿ. ಅದು ಅವನ ಜಾಣತನ. ಆದರೆ ನ್ಯಾಯವುಳ್ಳವನೂ ಆ ಲೆಕ್ಕಕ್ಕೆ ಹೆದರಿ ಮನೆಗೆ ಮರಳಿದರೆ, ಆ ನಷ್ಟವನ್ನು ರಾಜ್ಯದ ಖಾತೆಗೇ ಬರೆಯಬೇಕು.