ಡ್ರಮ್ ಎಲ್ಲಿತ್ತು ಸ್ವಾಮಿ?

ಕೆಲಸದ ನಡುವೆ ಹೆಡ್‌ಫೋನಿನಲ್ಲಿ 'ವೈಕಿಂಗ್ ಸಂಗೀತ' ಹಾಕ್ಕೊಂಡು ಕೂರುವ ಗೆಳೆಯರ ಹತ್ತಿರ ನನ್ನದೊಂದು ತಕರಾರಿದೆ. ಫೇರೋ ದ್ವೀಪಗಳ ಹಾಡಿಗೂ ಧಡಧಡ ಡ್ರಮ್ ಬಡಿದು, 'ಸಾವಿರ ವರ್ಷ ಹಳೇದು' ಅಂತ ಮಾರ್ತಾರಲ್ಲ, ಅಲ್ಲಿ ಡ್ರಮ್ ಎಲ್ಲಿತ್ತು ಸ್ವಾಮಿ?

ಸ್ಕಾಟ್ಲೆಂಡಿಗೂ ಐಸ್‌ಲ್ಯಾಂಡಿಗೂ ನಡುವಿನ ಆ 18 ದ್ವೀಪಗಳ ಕಥನಗೀತೆಗೆ ವಾದ್ಯವೇ ಇಲ್ಲ. ಜನ ಕೈಕೈ ಹಿಡಿದು ಸುತ್ತು ಕಟ್ಟುತ್ತಾರೆ. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು. ಒಬ್ಬರು ಪದ್ಯ ಎತ್ತಿಕೊಡುತ್ತಾರೆ, ಪಲ್ಲವಿಗೆ ಎಲ್ಲರೂ ದನಿಗೂಡಿಸುತ್ತಾರೆ. ನೆಲಕ್ಕೆ ಬೀಳುವ ಕಾಲೇ ತಾಳ. ಹಾಡುವವರೇ ಕುಣಿಯುವವರು, ಅವರೇ ಕೇಳುವವರು.

ಇನ್ನು ಸಾವಿರ ವರ್ಷದ ಮಾತು. ಅಲ್ಲಿನ ಅತಿ ಜನಪ್ರಿಯ ಹಾಡು 'ಓರ್ಮುರಿನ್ ಲಾಂಗಿ'ಯನ್ನು ಯೆನ್ಸ್ ಕ್ರಿಸ್ಟಿಯನ್ ಜುರ್‌ಹೂಸ್ ಎಂಬ ರೈತ ಕಟ್ಟಿದ್ದು 1830ರ ಸುಮಾರಿಗೆ. ನಾರ್ವೆಯ ರಾಜನ ಹಡಗಿನ ಕಥೆ ಹಳೇದು, ಹಾಡು ಅಲ್ಲ.

ಇದೇನು ಬರೀ ಮಡಿವಂತಿಕೆಯ ಜಗಳವಲ್ಲ. ಚರ್ಚು, ಶಾಲೆ, ಕಚೇರಿ ಎಲ್ಲವೂ ಡ್ಯಾನಿಶ್ ಆಗಿದ್ದ ಕಾಲದಲ್ಲಿ ಫೇರೋ ಭಾಷೆ ಉಸಿರಾಡಿದ್ದು ಈ ಸುತ್ತಿನೊಳಗೆ. ಅದಕ್ಕೆ ಈಗಿನ ಬರವಣಿಗೆಯ ಕ್ರಮ ಸಿಕ್ಕಿದ್ದೇ 1846ರಲ್ಲಿ.

'ಡ್ರಮ್ ಸೇರಿಸಿದ್ರೆ ತಾನೇ ಹುಡುಗರು ಕೇಳೋದು?' ಅಂತೀರಿ. ಕೇಳಲಿ, ಬೇಡ ಅನ್ನಲ್ಲ. ಫ್ಯೂಷನ್ ಮಾಡಿದವರು ಅದನ್ನು ಫ್ಯೂಷನ್ ಅಂತಲೇ ಕರೆಯಲಿ, 'ಉಳಿಸಿದ್ವಿ' ಅನ್ನುವುದು ಬೇಡ. ಕೇಳುಗರು ಹೆಚ್ಚಿದ ಮಾತ್ರಕ್ಕೆ ಉಳಿಯುವ ಹಾಡಲ್ಲ ಇದು. ಬಾಯಿಪಾಠ ಇರುವವರು ಸುತ್ತಿಗೆ ಬಂದು ನಿಲ್ಲಬೇಕು. ಪ್ಲೇ ಎಣಿಕೆ ಕೋಟಿ ದಾಟಿದರೂ ಅಷ್ಟೇ. ಮುಂದಿನ ಪದ್ಯ ಎತ್ತಿಕೊಡುವವರು ಇಲ್ಲದ ದಿನ ಕುಣಿತ ಅಲ್ಲೇ ನಿಲ್ಲುತ್ತೆ.