ಅಲ್ಪವಿರಾಮದ ಕಡತ ಮತ್ತು ಕಾಣೆಯಾದ ಲೆಕ್ಕ

ದಿನಪತ್ರಿಕೆಯಲ್ಲಿ ಅಚ್ಚಾದ ಜಾಹೀರಾತನ್ನು ಎಷ್ಟು ಜನ ನೋಡಿದರು ಎಂಬುದು ಅಂದಾಜಿನ ಮಾತು. ಅಂತರಜಾಲದ ಜಾಹೀರಾತು ಹಾಗಲ್ಲ. ಅದು ಪರದೆಯ ಮೇಲೆ ಎಷ್ಟು ಬಾರಿ ಮೂಡಿತು, ಎಷ್ಟು ಬಾರಿ ಕ್ಲಿಕ್ ಆಯಿತು, ಅದಕ್ಕೆ ಎಷ್ಟು ರೂಪಾಯಿ ತೆರಬೇಕಾಯಿತು ಎಂಬುದೆಲ್ಲ ದಾಖಲಾಗುತ್ತದೆ. 1994ರ ಅಕ್ಟೋಬರ್‌ನಲ್ಲಿ ಅಮೆರಿಕದ ಹಾಟ್‌ವೈರ್ಡ್ ಜಾಲತಾಣದಲ್ಲಿ ಮೊದಲ ಪಟ್ಟಿ ಜಾಹೀರಾತುಗಳು ಕಾಣಿಸಿಕೊಂಡವು. ಅಂದಿನಿಂದ ಈ ಲೆಕ್ಕ ಬೆಳೆಯುತ್ತಲೇ ಬಂದಿದೆ. ಇಂದು ಪದವಿ ಮುಗಿಸಿ ಜಾಹೀರಾತು ಸಂಸ್ಥೆ ಸೇರುವ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಸಿಗುವ ಕೆಲಸ ಸಾಮಾನ್ಯವಾಗಿ ಇದೇ: ಗೂಗಲ್ ಅಥವಾ ಫೇಸ್‌ಬುಕ್‌ನಿಂದ ಕಳೆದ ತಿಂಗಳ ಅಂಕಿಅಂಶ ಇಳಿಸಿಕೊಳ್ಳಿ, ಎಕ್ಸೆಲ್‌ಗೆ ತುಂಬಿ, ಯಾವ ಜಾಹೀರಾತು ಲಾಭದ್ದು ಹೇಳಿ.

ಕೇಳಲು ಸುಲಭ. ಎಡವುವುದು ‘ಎಕ್ಸೆಲ್‌ಗೆ ತುಂಬಿ’ ಎಂಬಲ್ಲಿ.

ಇಳಿಸಿಕೊಂಡ ಕಡತ ಬಹುಪಾಲು ಸಿಎಸ್‌ವಿ ಎಂಬ ಜಾತಿಯದು. ಹೆಸರು ದೊಡ್ಡದಾದರೂ ಒಳಗಿರುವುದು ಬರೀ ಅಕ್ಷರ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಲು ಸಾಲಾಗಿ ಹೆಸರು, ಅಲ್ಪವಿರಾಮ, ಸಂಖ್ಯೆ, ಅಲ್ಪವಿರಾಮ ಎಂದು ಕಾಣುತ್ತದೆ. ಒಂದು ಅಲ್ಪವಿರಾಮಕ್ಕೆ ಒಂದು ಕಂಬಸಾಲು ಮುಗಿಯಿತೆಂದು ಅರ್ಥ. ಹಾಗಿದ್ದರೆ 1,25,000 ಎಂಬ ಸಂಖ್ಯೆಯೊಳಗಿನ ಅಲ್ಪವಿರಾಮದ ಗತಿ? ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಇಡದಿದ್ದರೆ ಒಂದು ಸಂಖ್ಯೆ ಮೂರು ಮನೆಗಳಿಗೆ ಹರಿದು ಹಂಚಿಹೋಗುತ್ತದೆ. ಈ ಬರೀ ಅಕ್ಷರದ ಕಡತದಲ್ಲಿ ಇದು ದಿನಾಂಕ, ಇದು ಹಣ ಎಂದು ಎಲ್ಲಿಯೂ ಬರೆದಿರುವುದಿಲ್ಲ. ಆದ್ದರಿಂದ ತೆರೆಯುವ ತಂತ್ರಾಂಶವೇ ಊಹಿಸುತ್ತದೆ, ಊಹಿಸಿದ್ದನ್ನು ಅನೇಕ ಸಲ ಯಾರಿಗೂ ಹೇಳುವುದಿಲ್ಲ.

ದಿನಾಂಕವನ್ನೇ ನೋಡಿ. ನಮ್ಮ ರೂಢಿಯಂತೆ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ 2024ರ ಏಪ್ರಿಲ್ ತಿಂಗಳ ವರದಿ ಇದೆ ಎನ್ನೋಣ. ಕಂಪ್ಯೂಟರ್ ಮಾತ್ರ ಅಮೆರಿಕದ ಪದ್ಧತಿಗೆ ಹೊಂದಿಕೊಂಡಿದೆ. ಅಲ್ಲಿ ತಿಂಗಳು ಮೊದಲು. 03/04/2024 ಎಂಬುದು ಮಾರ್ಚ್ 4 ಆಗುತ್ತದೆ. 13/04/2024 ಬಂದಾಗ ಹದಿಮೂರನೆಯ ತಿಂಗಳಿಲ್ಲವಾದ್ದರಿಂದ ಅದನ್ನು ದಿನಾಂಕವೆಂದೇ ಪರಿಗಣಿಸದೆ ಅಕ್ಷರವಾಗಿ ಬಿಟ್ಟುಬಿಡುತ್ತದೆ. ತಿಂಗಳ 30 ದಿನಗಳಲ್ಲಿ 18 ಅಕ್ಷರಗಳಾಗಿ ಉಳಿದವು, 11 ಬೇರೆ ಬೇರೆ ತಿಂಗಳುಗಳಿಗೆ ಚದುರಿದವು. ಸರಿಯಾಗಿ ಉಳಿದದ್ದು ಏಪ್ರಿಲ್ 4 ಒಂದೇ! ನಕ್ಷೆ ಬಿಡಿಸಿದರೆ ಡಿಸೆಂಬರ್‌ವರೆಗೂ ಜಾಹೀರಾತು ಓಡಿದಂತೆ ಕಾಣುತ್ತದೆ.

ಎರಡನೆಯ ಪೆಟ್ಟು ಗುರುತು ಸಂಖ್ಯೆಗಳಿಗೆ. ಪ್ರತಿ ಜಾಹೀರಾತಿಗೂ ಒಂದು ಉದ್ದದ ಸಂಖ್ಯೆ ಇರುತ್ತದೆ; ಫೇಸ್‌ಬುಕ್‌ನಲ್ಲಿ 18 ಅಂಕಿಗಳವೂ ಇವೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ ಉಳಿಸಿಕೊಳ್ಳುವುದು 15 ಅಂಕಿ ಮಾತ್ರ. 120208765432109876 ಎಂಬುದು 120208765432109000 ಆಗಿ, ಕೊನೆಯ ಮೂರಂಕಿಯಲ್ಲಷ್ಟೇ ಭಿನ್ನವಾದ ಎರಡು ಜಾಹೀರಾತುಗಳು ಒಂದಾಗಿಬಿಡುತ್ತವೆ. ಹಾಗೆಯೇ ಕಡತವನ್ನು ಉಳಿಸಿದರೆ ಕಳೆದ ಅಂಕಿ ಮತ್ತೆ ಸಿಗದು. ಗುರುತು ಸಂಖ್ಯೆಯನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅದು ಹೆಸರಿದ್ದಂತೆ, ಅಕ್ಷರವಾಗಿಯೇ ಒಳಬರಬೇಕು.

ಕನ್ನಡದ ಹೆಸರಿಟ್ಟವರಿಗೆ ಇನ್ನೊಂದು ತೊಂದರೆ. ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಸ್ವರಚಿಹ್ನೆಗೂ ಮೂರು ಬೈಟ್ ಬೇಕು. ‘ದೀಪಾವಳಿ’ಯಲ್ಲಿ ನಾಲ್ಕು ಅಕ್ಷರ, ಮೂರು ಚಿಹ್ನೆ, ಒಟ್ಟು 21 ಬೈಟ್. ಬೈಟಿಗೊಂದು ಅಕ್ಷರವೆಂದು ಎಕ್ಸೆಲ್ ತಪ್ಪಾಗಿ ಊಹಿಸಿದರೆ ದೀಪಾವಳಿಯ ಜಾಗದಲ್ಲಿ ಯುರೋಪಿನ ಅಕ್ಷರಗಳ ಚೆಲ್ಲಾಪಿಲ್ಲಿ. ಕಡತ ಕೆಟ್ಟಿರುವುದಿಲ್ಲ, ಓದಿದ ರೀತಿ ಕೆಟ್ಟಿರುತ್ತದೆ.

ಗೂಗಲ್‌ನ ವರದಿಯಲ್ಲಿ ಮೇಲೆ ವರದಿಯ ಹೆಸರು, ಅವಧಿ, ಕೆಳಗೆ ಮೊತ್ತದ ಸಾಲುಗಳೂ ಬರುತ್ತವೆ. ಮೊತ್ತವನ್ನೂ ಸೇರಿಸಿ ಕೂಡಿದರೆ 12,000 ರೂಪಾಯಿ ಖರ್ಚು 24,000 ಆಗುತ್ತದೆ. ಇದು ಹೆಚ್ಚಾಗಿ ಬೇಗ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದ್ದು ಶೇಕಡಾವಾರು ಸರಾಸರಿ. ಒಂದು ಜಾಹೀರಾತು 1,000 ಬಾರಿ ಕಾಣಿಸಿ 50 ಕ್ಲಿಕ್ ಪಡೆಯಿತು, ಶೇ 5. ಇನ್ನೊಂದು 99,000 ಬಾರಿ ಕಾಣಿಸಿ 990 ಕ್ಲಿಕ್ ಪಡೆಯಿತು, ಶೇ 1. ಎರಡರ ಸರಾಸರಿ ಶೇ 3 ಎಂದು ಬರೆಯುವವರಿಗೆ ಕೊರತೆಯಿಲ್ಲ. ನಿಜವಾದ ಉತ್ತರ 1,00,000ಕ್ಕೆ 1,040, ಅಂದರೆ ಶೇ 1.04. ಪ್ರೌಢಶಾಲೆಯ ಗಣಿತವೇ ಇಲ್ಲಿ ಬೇಕಾದದ್ದು. ಮಕ್ಕಳನ್ನು ದುಬಾರಿ ಕೋರ್ಸಿಗೆ ಸೇರಿಸುವ ಮುನ್ನ ಪೋಷಕರು ಇದೊಂದು ಲೆಕ್ಕವನ್ನು ಅವರಿಂದ ಮಾಡಿಸಿ ನೋಡಬಹುದು.

ಇಷ್ಟಾದರೂ ಇದು ಜಾಹೀರಾತು ತಾನೇ, ಹೋದರೆ ಹಣ ಹೋದೀತು ಎನ್ನಬಹುದು. ಇದೇ ಬಗೆಯ ಕೆಲಸ 2020ರಲ್ಲಿ ಇಂಗ್ಲೆಂಡಿನಲ್ಲಿ ಏನು ಮಾಡಿತು ಎಂಬುದನ್ನು ನೆನೆಯಬೇಕು. ಕೋವಿಡ್ ಪರೀಕ್ಷೆಯ ಫಲಿತಾಂಶಗಳು ಪ್ರಯೋಗಾಲಯಗಳಿಂದ ಸಿಎಸ್‌ವಿ ಕಡತಗಳಾಗಿ ಬರುತ್ತಿದ್ದವು. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ ಅವುಗಳನ್ನು ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ನಮೂನೆಗೆ ತುಂಬಲಾಗುತ್ತಿತ್ತು. ಆ ನಮೂನೆಯಲ್ಲಿ ಹಿಡಿಯುವುದು 65,536 ಅಡ್ಡಸಾಲು ಮಾತ್ರ. ಎರಡರ ಹದಿನಾರನೆಯ ಘಾತ. ಒಬ್ಬರ ವಿವರಕ್ಕೇ ಹಲವು ಸಾಲು ಬೇಕಾಗುತ್ತಿದ್ದುದರಿಂದ ಒಂದು ಕಡತಕ್ಕೆ ಸುಮಾರು 1,400 ಜನ ಹಿಡಿಸುತ್ತಿದ್ದರು. ಉಳಿದವರು ಸದ್ದಿಲ್ಲದೆ ಹೊರಗುಳಿದರು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಹೀಗೆ ಬಿಟ್ಟುಹೋದ ಸೋಂಕಿತರು 15,841. ಅವರಿಗೆ ತಮ್ಮ ಫಲಿತಾಂಶ ತಲುಪಿತ್ತು, ನಿಜ. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ಆ ಅಮೂಲ್ಯ ದಿನಗಳಲ್ಲಿ ನಡೆಯಲಿಲ್ಲ. ಹೊಸ ನಮೂನೆಯಲ್ಲಿ 10,48,576 ಸಾಲು ಹಿಡಿಸುತ್ತದೆ. ದೊಡ್ಡ ಪಾತ್ರೆಯೇ, ಆದರೂ ಅದಕ್ಕೂ ಅಂಚು ಇದೆ.

ಜೀವವಿಜ್ಞಾನಿಗಳ ಪಾಡು ಇನ್ನೂ ತಮಾಷೆ. ಎಕ್ಸೆಲ್ ‘ಮಾರ್ಚ್1’ ಎಂಬ ವಂಶವಾಹಿಯನ್ನು ಮಾರ್ಚ್ ಒಂದನೇ ತಾರೀಕು ಮಾಡುತ್ತಿದ್ದುದರಿಂದ 2020ರಲ್ಲಿ ವಂಶವಾಹಿಯ ಹೆಸರನ್ನೇ ಬದಲಿಸಬೇಕಾಯಿತು!

ಕಲಿಯುವವರು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಕಡತದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ತೆರೆಯುವ ಚಾಳಿ ಬಿಡಬೇಕು. ಎಕ್ಸೆಲ್‌ನ ಡೇಟಾ ವಿಭಾಗದಿಂದ ಆಮದು ಮಾಡಿಕೊಂಡರೆ ಸಂಕೇತ ಪದ್ಧತಿ ಯಾವುದು, ಯಾವ ಕಂಬಸಾಲು ಅಕ್ಷರ, ಯಾವುದು ದಿನಾಂಕ ಎಂದು ಆರಿಸಿ ಹೇಳಬಹುದು. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್ ಸಿಎಸ್‌ವಿ ತೆರೆಯುವಾಗ ತಾನಾಗಿಯೇ ಈ ಪ್ರಶ್ನೆಗಳನ್ನು ಕೇಳುತ್ತದೆ. ಕಲಿಕೆಗೆ ಇದೇ ಒಳ್ಳೆಯದು. ಮೂಲ ಕಡತವನ್ನು ಮುಟ್ಟದೆ ಬೇರೆಡೆ ಇಟ್ಟು, ಪ್ರತಿಯ ಮೇಲೆ ಕೆಲಸ ಮಾಡಬೇಕು. ಒಳಬಂದ ಸಾಲುಗಳನ್ನು ಎಣಿಸಿ ಮೂಲದ ಸಾಲುಗಳೊಂದಿಗೆ ಹೋಲಿಸಬೇಕು. ಮೊತ್ತದ ಸಾಲನ್ನು ಲೆಕ್ಕದಿಂದ ತೆಗೆದರೂ ಎಸೆಯಬಾರದು. ಮಿಕ್ಕ ಸಾಲುಗಳನ್ನು ಕೂಡಿದಾಗ ಬರುವ ಖರ್ಚು ಅದಕ್ಕೆ ಸರಿಹೊಂದದಿದ್ದರೆ ನಕ್ಷೆ ಬಿಡಿಸುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಯಾವ ಸಾಲು ಎಲ್ಲಿ ಉಳಿಯಿತು ಎಂದು ಹುಡುಕಬೇಕು.