ಶಾಲೆಯ ಬಾಗಿಲಲ್ಲಿ ಭಯ

ಬೆಳಗಿನ ಒಂಬತ್ತು ಗಂಟೆ ಕಳೆಯಿತೆಂದರೆ ನಂದಿನಿ ಲೇಔಟಿನ ನಮ್ಮ ಬೀದಿ ಶಾಂತವಾಗುತ್ತದೆ. ಮಕ್ಕಳೆಲ್ಲ ಶಾಲೆ ಸೇರಿರುತ್ತಾರೆ. 2023ರ ಡಿಸೆಂಬರ್ 1ರಂದು ಆ ಶಾಂತಿ ಕದಡಿತು. ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ, ಬಾಂಬು ಇರಿಸಿರುವುದಾಗಿ ಇ-ಮೇಲಿನಲ್ಲಿ ಬೆದರಿಕೆ ಬಂದಿತ್ತು. ನಮ್ಮ ನೆರೆಯ ಬಸವೇಶ್ವರನಗರದ ಶಾಲೆಗಳೂ ಆ ಪಟ್ಟಿಯಲ್ಲಿದ್ದುವು. ಪೊಲೀಸರು ಶ್ವಾನದಳದೊಡನೆ ಬಂದು ಶೋಧಿಸಿದರು. ಏನೂ ದೊರೆಯಲಿಲ್ಲ, ಬೆದರಿಕೆ ಹುಸಿಯಾಗಿತ್ತು.

ನನ್ನ ಮಗಳ ಶಾಲೆಗೆ ಅಂಥ ಪತ್ರವೇ ಬಂದಿರಲಿಲ್ಲ. ಆದರೂ ಅರ್ಧ ಗಂಟೆಯೊಳಗೆ ಅದರ ಬಾಗಿಲಲ್ಲಿ ನೂರಾರು ತಂದೆತಾಯಿಯರು ನೆರೆದಿದ್ದರು. ಅವರಲ್ಲಿ ನಾನೂ ಒಬ್ಬ. ಒಪ್ಪಿಕೊಳ್ಳಬೇಕಾದ ಮಾತು ಇನ್ನೊಂದಿದೆ: ಕೈಸೇರಿದ ಸುದ್ದಿಯನ್ನು ವಿಚಾರಿಸದೆ ನಾಲ್ವರಿಗೆ ರವಾನಿಸಿದವನೂ ನಾನೇ. ವಿದ್ಯಾರ್ಥಿಗಳಿಗೆ ವಿವೇಚನೆಯನ್ನು ಬೋಧಿಸುವುದು ನನ್ನ ವೃತ್ತಿ!

ಲೆಕ್ಕದ ಪಾಠದ ನಡುವೆ ಎದ್ದುಬಂದ ಮಗಳು ನಗುತ್ತಲೇ ಇದ್ದಳು. ತಾಯಿಯ ಕಣ್ಣೀರನ್ನು ಕಂಡ ಮೇಲೆ ಅವಳ ನಗೆ ನಿಂತಿತು. “ಅಪ್ಪ, ನಾಳೆ ನಮ್ಮ ಸ್ಕೂಲು ಇರುತ್ತಾ?” ಎಂದು ಕೇಳಿದಳು. ಅವಳನ್ನು ಹೆದರಿಸಿದವನು ಬೆದರಿಕೆ ಬರೆದ ಆ ಅನಾಮಿಕನಲ್ಲ, ನಾವು.

ಎಚ್ಚರಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಬೆದರಿಕೆ ಹುಸಿಯೆಂಬುದು ಶೋಧನೆಯ ಅನಂತರವೇ ತಿಳಿಯತಕ್ಕದ್ದು. ಕ್ಯಾಮೆರಾ ಇರಲಿ, ಕಾವಲುಗಾರನಿರಲಿ. ಮಕ್ಕಳನ್ನು ಸಾಲಾಗಿ ಮೈದಾನಕ್ಕೆ ಕರೆದೊಯ್ಯುವ ಅಭ್ಯಾಸವೂ ನಡೆಯಲಿ. ಆದರೆ ಗಾಬರಿಯನ್ನೇ ರಕ್ಷಣೆಯೆಂದು ಭಾವಿಸಬಾರದು. ಅಂದು ನಮ್ಮ ಸ್ಕೂಟರುಗಳೂ ಕಾರುಗಳೂ ಬಾಗಿಲಿಗೆ ಅಡ್ಡವಾಗಿದ್ದುವು. ನಿಜವಾಗಿ ಅಪಾಯವೊದಗಿದ್ದರೆ ಅಗ್ನಿಶಾಮಕದ ವಾಹನವಾಗಲಿ ಆಂಬುಲೆನ್ಸ್ ಆಗಲಿ ಒಳಹೋಗಲು ದಾರಿಯೆಲ್ಲಿತ್ತು? ಮಕ್ಕಳ ಮೇಲಣ ಮಮತೆಯೇ ಅವರ ದಾರಿಯನ್ನು ಕಟ್ಟಿತ್ತು.

ಆ ಬಳಿಕ ಪೋಷಕರೂ ಉಪಾಧ್ಯಾಯರೂ ಕೂಡಿ ಒಂದು ಕಟ್ಟುಪಾಡು ಮಾಡಿಕೊಂಡೆವು: ಶಾಲೆಯಿಂದ ಬಂದ ಸಂದೇಶವನ್ನು ಮಾತ್ರ ನಂಬುವುದು, ಕರೆದಾಗ ಹೋಗುವುದು, ಬಾಗಿಲಿನ ಮುಂದೆ ವಾಹನ ನಿಲ್ಲಿಸದಿರುವುದು. ಇದಕ್ಕೆ ಕಾಸಿನ ಖರ್ಚಿಲ್ಲ. ಮನೋಧೈರ್ಯದ ಖರ್ಚು ಮಾತ್ರ ಬಹಳ.

2025ರ ಜುಲೈ 18ರಂದು ನಗರದ ಸುಮಾರು 40 ಶಾಲೆಗಳಿಗೆ ಮತ್ತೆ ಅಂಥದೇ ಹುಸಿ ಬೆದರಿಕೆ ಬಂದಿತು. ನಮ್ಮ ಶಾಲೆಗೆ ಬಂದಿಲ್ಲವೆಂದು ಅಲ್ಲಿಂದ ಸಂದೇಶ ಬಂದಿತು. ನಾವು ಹೋಗಲಿಲ್ಲ. ಸಂಜೆ ಮಗಳು ಕೇಳಿದಳು: “ಈ ಸಲ ನೀವು ಯಾಕೆ ಬರಲಿಲ್ಲ?”

“ನಿಮ್ಮ ಮಿಸ್ ಇದ್ದರಲ್ಲಮ್ಮ” ಎಂದೆ.

ಅವಳು ತಲೆದೂಗಿ ಆಟಕ್ಕೆ ಓಡಿದಳು. ಆ ದಿನವೆಲ್ಲ ಗಡಿಯಾರ ನೋಡುತ್ತ ಕುಳಿತಿದ್ದ ಸಂಗತಿಯನ್ನು ನಾನು ಅವಳಿಗೆ ಹೇಳಲಿಲ್ಲ.